ಕೈಮಾತಿಗೂ ಒಂದು ದೂರವಾಣಿ

ದೂರವಾಣಿ ಎಂಬ ಶಬ್ದವನ್ನು ನಮ್ಮ ಹಿರಿಯರು ಅರ್ಥವತ್ತಾಗಿಯೇ ರೂಢಿಗೆ ತಂದರು. ದೂರದಿಂದ ಬರುವ ವಾಣಿ ಅದು. ಆದರೆ ವಾಣಿಯನ್ನು ಕಿವಿಯಿಂದ ಗ್ರಹಿಸಲಾರದವರಿಗೆ ಆ ಶಬ್ದದಲ್ಲಿ ‘ದೂರ’ ಎಂಬ ಮೊದಲರ್ಧ ಮಾತ್ರ ದಕ್ಕುತ್ತಿತ್ತು. ಸುಮಾರು ನೂರನಲವತ್ತು ವರ್ಷಗಳ ಕಾಲ ಇದೇ ಸ್ಥಿತಿ.

ಇದರಲ್ಲೊಂದು ವಿಪರ್ಯಾಸವಿದೆ. 1876ರಲ್ಲಿ ದೂರವಾಣಿಗೆ ಹಕ್ಕುಪತ್ರ ಪಡೆದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಕಿವುಡ ಮಕ್ಕಳ ಅಧ್ಯಾಪಕರಾಗಿದ್ದವರು. ಅವರ ತಾಯಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವರ ಪತ್ನಿ ಮೇಬಲ್ ಐದನೆಯ ವಯಸ್ಸಿನಲ್ಲಿ ಜ್ವರ ಬಂದು ಶ್ರವಣಶಕ್ತಿಯನ್ನು ಕಳೆದುಕೊಂಡವರು. ಲೋಕವನ್ನೆಲ್ಲ ಹತ್ತಿರಕ್ಕೆ ತಂದ ಯಂತ್ರ ಮನೆಯ ಈ ಇಬ್ಬರು ಹೆಂಗಸರಿಗೆ ಉಪಯೋಗಕ್ಕೆ ಬರುವಂತಿರಲಿಲ್ಲ. ಕಿವುಡರು ಕೈಸನ್ನೆಯನ್ನು ಬಿಟ್ಟು, ತುಟಿಯ ಚಲನೆಯನ್ನು ನೋಡಿ ಅರಿತು, ಬಾಯಿಯಿಂದಲೇ ಮಾತನಾಡಲು ಕಲಿಯಬೇಕೆಂಬುದು ಬೆಲ್ ಅವರ ದೃಢವಾದ ಮತವಾಗಿತ್ತು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನವೂ ಅದೇ ಮತವನ್ನು ಎತ್ತಿಹಿಡಿಯಿತು; ಅನೇಕ ದೇಶಗಳ ಶಾಲೆಗಳಿಂದ ಸನ್ನೆಯ ಭಾಷೆ ಹೊರಬಿತ್ತು. ಆ ನಿರ್ಣಯಗಳನ್ನು ಅದೇ ಪರಂಪರೆಯ ಸಮ್ಮೇಳನವೊಂದು ತಿರಸ್ಕರಿಸಿ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಉಪಾಧ್ಯಾಯರು ಕೈಗೊಂಡ ಒಂದು ನಿರ್ಣಯ ತಿದ್ದುಪಡಿಯಾಗಲು ನೂರಮೂವತ್ತು ವರ್ಷ ಹಿಡಿಯಿತೆಂದರೆ ನಮ್ಮ ವರ್ಗದ ಹಟ ಎಷ್ಟೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಮುಖ ನೋಡಿ ಮಾತನಾಡುವ ದೂರವಾಣಿಯ ಕನಸೂ ಹೊಸತಲ್ಲ. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಅಮೆರಿಕದ ಕಂಪೆನಿಯೊಂದು ಅಂಥ ಯಂತ್ರವನ್ನು ಪ್ರದರ್ಶಿಸಿತು. ವಿಪರೀತ ದುಬಾರಿಯಾದುದರಿಂದ ಅದು ಮನೆಗಳನ್ನು ಸೇರಲಿಲ್ಲ. ಅದೇ ವರ್ಷ, ಸ್ವತಃ ಕಿವುಡರಾಗಿದ್ದ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬವರು ಹಳೆಯ ಟೆಲಿಪ್ರಿಂಟರುಗಳನ್ನು ದೂರವಾಣಿ ತಂತಿಗೆ ಜೋಡಿಸಿ, ಅಕ್ಷರಗಳನ್ನು ಆಚೆಗೆ ಕಳುಹಿಸುವ ಉಪಾಯವನ್ನು ಕಂಡುಹಿಡಿದರು. ಅದು ಅಮೆರಿಕದ ಕಿವುಡರಿಗೆ ದೊಡ್ಡ ಉಪಕಾರವಾಯಿತು. ನಮ್ಮ ಗಡಿನಾಡಿನ ಹಳ್ಳಿಗಳಿಗೆ ಇವೆರಡೂ ಬರಲಿಲ್ಲ.

ನಮ್ಮಲ್ಲಿ ಬಂದುದು ಎಸ್.ಟಿ.ಡಿ. ಬೂತು. ಕಾಸರಗೋಡು ತಾಲೂಕಿನ ಮನೆಮನೆಯಿಂದ ಒಬ್ಬಿಬ್ಬರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇದ್ದ ಕಾಲ. ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಕರೆ ಬರುವುದು. ಮನೆಮಂದಿಯೆಲ್ಲ ಸರದಿಯಂತೆ ರಿಸೀವರನ್ನು ಕಿವಿಗೆ ಹಿಡಿಯುವುದು. ಮನೆಯಲ್ಲೊಬ್ಬ ಕಿವುಡ ಮಗನಿದ್ದರೆ ಅವನು ಪಕ್ಕದಲ್ಲಿ ನಿಂತು ಇತರರ ಮುಖ ಅರಳುವುದನ್ನೂ ಬಾಡುವುದನ್ನೂ ನೋಡುತ್ತಿದ್ದ. ಏನೆಂದು ಸನ್ನೆಯಿಂದ ಕೇಳಿದರೆ, “ಆಮೇಲೆ ಹೇಳುತ್ತೇವೆ” ಎಂಬಂತೆ ಕೈಯಾಡಿಸುತ್ತಿದ್ದರು. ಆ ‘ಆಮೇಲೆ’ ಬರುತ್ತಿದ್ದುದು ಅಪರೂಪ.

ಕಾಗದ ಬರೆಯಬಹುದಿತ್ತಲ್ಲ ಎಂದು ಕೆಲವರು ಕೇಳಬಹುದು. ಅಧ್ಯಾಪನ ತರಬೇತಿ ಪಡೆದವರಿಗೆ ಇದರ ಉತ್ತರ ಗೊತ್ತಿದೆ. ಕೇಳುವ ಮಗು ಕನ್ನಡವನ್ನು ತೊಟ್ಟಿಲಲ್ಲೇ ಕಲಿತು, ಶಾಲೆಗೆ ಬಂದ ಮೇಲೆ ತಾನು ಬಲ್ಲ ಮಾತಿಗೆ ಅಕ್ಷರದ ಉಡುಪು ತೊಡಿಸುತ್ತದೆ. ಹುಟ್ಟಿನಿಂದಲೇ ಕೇಳದ ಮಗುವಿಗೆ ಬರಹದ ಕನ್ನಡವೇ ಮೊದಲ ಕನ್ನಡ. ವಿಭಕ್ತಿ ಪ್ರತ್ಯಯಗಳೂ ಕ್ರಿಯಾಪದದ ರೂಪಗಳೂ ಅದಕ್ಕೆ ಪರಭಾಷೆಯ ವ್ಯಾಕರಣದಂತೆ. ಬುದ್ಧಿ ಎಷ್ಟೇ ಚುರುಕಾಗಿದ್ದರೂ ಕಾಗದದಲ್ಲಿ ಮನಸ್ಸು ಬಿಚ್ಚಿಕೊಳ್ಳುವಷ್ಟು ಭಾಷೆ ಕೈಗೂಡುವುದು ಬಹಳ ಕಷ್ಟ. ನಮ್ಮ ಕಡೆಯಲ್ಲಂತೂ ಮನೆಯಲ್ಲಿ ಒಂದು ಮಾತು, ನೆರೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ.

ಇದು ಕೆಲವೇ ಮನೆಗಳ ಸಂಗತಿಯಲ್ಲ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಶ್ರವಣದ ನ್ಯೂನತೆಯುಳ್ಳವರು ಐವತ್ತು ಲಕ್ಷಕ್ಕಿಂತ ಹೆಚ್ಚು. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವರು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗಳಿಗೆ. ಎಂದಮೇಲೆ ಇದು ಕಿವುಡರ ಸಮಸ್ಯೆ ಎನ್ನುವುದಕ್ಕಿಂತಲೂ ಕೇಳುವವರ ಸಂಸಾರಗಳ ಸಮಸ್ಯೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಅಂತರಜಾಲದ ಬೆಲೆ ಕುಸಿಯಿತು. ಅದೇ ನವೆಂಬರಿನಲ್ಲಿ ವಾಟ್ಸಾಪಿನಲ್ಲಿ ವೀಡಿಯೋ ಕರೆ ಬಂತು. ಅದಕ್ಕೆ ಹತ್ತು ವರ್ಷ ಮೊದಲೇ ಸ್ಕೈಪಿನಲ್ಲಿ ಮುಖ ನೋಡಿ ಮಾತನಾಡಬಹುದಿತ್ತು. ಆದರೆ ಅದಕ್ಕೆ ಕಂಪ್ಯೂಟರು ಬೇಕಿತ್ತು, ನಮ್ಮ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ ಅದಿರಲಿಲ್ಲ. (ಆ ಸ್ಕೈಪು 2025ರ ಮೇ ತಿಂಗಳಲ್ಲಿ ಮುಚ್ಚಿಯೇ ಹೋಯಿತು.) ಕೇಳುವ ನಮಗೆ ವೀಡಿಯೋ ಕರೆ ಒಂದು ಹೆಚ್ಚಿನ ಸೊಗಸು, ಧ್ವನಿಯೊಂದರಿಂದಲೇ ನಮ್ಮ ಕೆಲಸ ಸಾಗುತ್ತಿತ್ತು. ಕಿವುಡರಿಗೋ ಅದು ಮೊತ್ತಮೊದಲ ದೂರವಾಣಿ.

ಆದರೆ ಯಂತ್ರ ಬಂದ ಮಾತ್ರಕ್ಕೆ ಮಾತು ಬಂದಂತಾಗಲಿಲ್ಲ. ನಾವು ಕಂಡ ಮನೆಗಳಲ್ಲಿ ಹೆಚ್ಚಿನವುಗಳಲ್ಲಿ ಆದುದಿಷ್ಟು: ಮಗನ ಮುಖ ಕಂಡಿತು, ತಾಯಿ ಉಣ್ಣುವ ಸನ್ನೆ ಮಾಡಿ ಊಟವಾಯಿತೇ ಎಂದು ಕೇಳಿದರು, ಆಯಿತೆಂದು ಅವನು ತಲೆಯಾಡಿಸಿದ, ಮನೆಯ ದನವನ್ನೂ ಹೊಸ ಕರುವನ್ನೂ ತೋರಿಸಿದರು, ಎಲ್ಲರೂ ಕೈಬೀಸಿದರು, ಕರೆ ಮುಗಿಯಿತು. ಹತ್ತು ವರ್ಷ ಈ ಐದು ಸನ್ನೆಗಳಲ್ಲಿಯೇ ಕಳೆದ ಸಂಸಾರಗಳಿವೆ. ಇದನ್ನು ನಾವು ಹೀಗಳೆಯುವುದಿಲ್ಲ. ಮುಖ ಕಾಣುವುದೂ ಒಂದು ಭಾಗ್ಯವೇ. ಆದರೆ ಮನೆಯ ಸಾಲ, ತಂದೆಯ ಕಾಯಿಲೆ, ತಂಗಿಗೆ ಬಂದ ಸಂಬಂಧ ಇವು ಆ ಐದು ಸನ್ನೆಗಳಿಂದ ಆಚೆಗಿವೆ.

ಮುಖ ಕಾಣುತ್ತದಲ್ಲ, ತುಟಿ ನೋಡಿ ತಿಳಿದುಕೊಳ್ಳಲಿ ಎಂಬ ಹಳೆಯ ನಂಬಿಕೆ ಈಗಲೂ ಬಲವಾಗಿದೆ. ಓದುಗರು ಒಮ್ಮೆ ಕನ್ನಡಿಯ ಮುಂದೆ ನಿಂತು ಪ, ಬ, ಮ ಎಂಬ ಅಕ್ಷರಗಳನ್ನು ಧ್ವನಿಯಿಲ್ಲದೆ ಉಚ್ಚರಿಸಿ ನೋಡಬೇಕು. ಮೂರಕ್ಕೂ ತುಟಿಗಳು ಒಂದೇ ತೆರನಾಗಿ ಮುಚ್ಚಿ ತೆರೆಯುತ್ತವೆ. ‘ಮಾವ ಬಂದರು’ ಎಂದರೂ ‘ಭಾವ ಬಂದರು’ ಎಂದರೂ ನೋಡುವವನಿಗೆ ಭೇದವಿಲ್ಲ. ಕ, ಗ ಎಂಬಿವು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಾಣಿಸುವುದೇ ಇಲ್ಲ. ಎದುರಿಗೆ ಕುಳಿತಾಗಲೇ ಹೀಗಾದರೆ, ಅಂಗೈಯಗಲದ ಪರದೆಯ ಮೇಲೆ, ನಡುನಡುವೆ ಚಿತ್ರ ಹರಿದುಹೋಗುವ ಕರೆಯಲ್ಲಿ ತುಟಿಯನ್ನು ಓದುವುದು ಊಹೆಯ ಕಸರತ್ತಾಗುತ್ತದೆ.

ಬೇಕಾದುದು ಸಂಜ್ಞಾಭಾಷೆ. ಇದನ್ನು ಬರಿಯ ಅಭಿನಯವೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ಯಕ್ಷಗಾನದ ಕೈಕರಣವನ್ನೂ ಆಚೆಗಿನ ಕಥಕಳಿಯ ಇಪ್ಪತ್ತನಾಲ್ಕು ಮುದ್ರೆಗಳನ್ನೂ ನೋಡಿ ಬೆಳೆದ ಊರಿನಲ್ಲಿ ಹಾಗೆ ತಿಳಿಯುವುದು ಸಹಜವೇ. ಆದರೆ ಅಲ್ಲಿ ಹಾಡುವವರು ಬೇರೆ ಇದ್ದಾರೆ; ಕೈ ಹಾಡಿನ ಅರ್ಥವನ್ನು ಹಿಂಬಾಲಿಸುತ್ತದೆ. ಸಂಜ್ಞಾಭಾಷೆಯಲ್ಲಿ ಕೈಯ ಹಿಂದೆ ಹಾಡಿಲ್ಲ. ಕೈಯೇ ಮಾತು, ಹುಬ್ಬೇ ವ್ಯಾಕರಣ. 1960ರಲ್ಲಿ ವಿಲಿಯಂ ಸ್ಟೋಕೀ ಎಂಬ ವಿದ್ವಾಂಸರು ಅಮೆರಿಕದ ಸಂಜ್ಞಾಭಾಷೆಗೆ ಪೂರ್ಣ ಭಾಷೆಯ ರಚನೆಯಿದೆಯೆಂದು ತೋರಿಸಿಕೊಟ್ಟರು. ಭಾರತೀಯ ಸಂಜ್ಞಾಭಾಷೆಯಲ್ಲಿ ಪ್ರಶ್ನೆಯ ಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ನೀನು ಹೋಗುವುದು ಎಲ್ಲಿಗೆ’ ಎಂಬ ಕ್ರಮ. ಹೌದು ಅಥವಾ ಅಲ್ಲ ಎಂದು ಉತ್ತರಿಸಬೇಕಾದ ಪ್ರಶ್ನೆಯಾದರೆ ಹುಬ್ಬೇರಿಸಿ ತಲೆಯನ್ನು ಕೊಂಚ ಮುಂದೆ ಚಾಚಿದರಾಯಿತು. 1970ರ ದಶಕದ ಕೊನೆಯಲ್ಲಿ, ಸ್ವತಃ ಕಿವುಡರಾದ ವಿದ್ವಾಂಸ ಮದನ್ ವಾಸಿಷ್ಠ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಹೋಲಿಸಿ, ಇವು ಪ್ರಾಂತಭೇದಗಳಿರುವ ಒಂದೇ ಭಾಷೆಯ ರೂಪಗಳೆಂದು ಅಭಿಪ್ರಾಯಪಟ್ಟರು. ಭಾಷೆಯ ಗಡಿಯಲ್ಲಿ ಬದುಕುವ ನಮಗೆ ಇದು ವಿಚಾರಮಾಡತಕ್ಕ ಸಂಗತಿ. ತಲಪಾಡಿಯ ಈಚೆಯ ಕಿವುಡನೂ ಆಚೆಯ ಕಿವುಡನೂ ಭೇಟಿಯಾದರೆ ಅವರಿಗೆ ಭಾಷಾಂತರಕಾರ ಬೇಕಾಗಿಲ್ಲ.

ನಮ್ಮ ನೆರೆಯ ಒಂದು ಮನೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ಹೆಸರು ಬೇಡ. ತೋಟದ ಮನೆ, ತಂದೆತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಕಿರಿಯ ಮಗ ಹುಟ್ಟುಕಿವುಡ. ಊರವರು ಅವನನ್ನು ಬಹುಕಾಲ ‘ಕೆಪ್ಪ’ ಎಂದೇ ಕರೆದರು. ತನಗೊಂದು ಹೆಸರಿದೆಯೆಂಬುದು ಅವನಿಗೆ ಸ್ಪಷ್ಟವಾಗಿ ತಿಳಿದದ್ದು ಮಂಗಳೂರಿನ ವಿಶೇಷ ಶಾಲೆಯನ್ನು ಸೇರಿದ ಮೇಲೆಯೇ. ರಜೆಯಲ್ಲಿ ಬಂದಾಗ ಅವನು ತನ್ನ ತಂಗಿಗೆ ಸನ್ನೆಗಳನ್ನು ಕಲಿಸಿದ. ಅವಳು ಆ ಮನೆಗೂ ಅವನಿಗೂ ನಡುವಿನ ಸಂಕವಾದಳು. ಇಂಥ ಮನೆಗಳಲ್ಲಿ ಬಹುಮಟ್ಟಿಗೆ ಹೀಗೆಯೇ. ಒಬ್ಬ ಅಕ್ಕನೋ ತಂಗಿಯೋ ಕಲಿತುಕೊಂಡರೆ ಉಳಿದವರೆಲ್ಲ ತಮ್ಮ ಪಾಲಿನ ಕೆಲಸವನ್ನು ಅವಳ ತಲೆಗೆ ಹೊರಿಸಿ ನಿಶ್ಚಿಂತರಾಗುತ್ತಾರೆ. ಅವಳು ಮದುವೆಯಾಗಿ ಪುತ್ತೂರಿನ ಕಡೆಗೆ ಹೋದಳು. ಮಗ ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದ. ಮನೆಯ ಕರೆಗಳು ಮತ್ತೆ ಐದು ಸನ್ನೆಗೆ ಇಳಿದವು.

2020ರ ಮಾರ್ಚ್ ತಿಂಗಳು ನಮ್ಮ ಓದುಗರಿಗೆ ನೆನಪಿರುತ್ತದೆ. ಕೋವಿಡಿನ ದೆಸೆಯಿಂದ ತಲಪಾಡಿಯಲ್ಲಿ ತಡೆ ಬಿತ್ತು. ಒಳದಾರಿಗಳಿಗೆ ಮಣ್ಣು ಸುರಿದರು. ಆಗಲೇ ಆ ಮನೆಯ ಹಿರಿಯರು ಹಾಸಿಗೆ ಹಿಡಿದರು. ಒಂದು ಗಂಟೆಯ ದಾರಿಯ ಪುತ್ತೂರಿನಿಂದ ಮಗಳು ಬರುವಂತಿಲ್ಲ, ಬೆಂಗಳೂರಿನಿಂದ ಮಗ ಬರುವಂತಿಲ್ಲ. ಒಂದು ಸಂಜೆ ಮೂವರನ್ನು ಸೇರಿಸಿ ಕರೆ ಮಾಡಿದರು. ತಂದೆ ಮಲಗಿದಲ್ಲಿಂದಲೇ ಮೆಲ್ಲನೆ ಮಾತನಾಡಿದರು; ಮಗಳು ಪುತ್ತೂರಿನಲ್ಲಿ ಅದನ್ನು ಕೇಳಿ ಕೈಯಿಂದ ನುಡಿದಳು; ಮಗ ಬೆಂಗಳೂರಿನಲ್ಲಿ ಕಂಡ. ಅವನ ಉತ್ತರ ಅದೇ ದಾರಿಯಿಂದ ಹಿಂದಕ್ಕೆ ಬಂದು ತಂದೆಯ ಕಿವಿಯನ್ನು ಸೇರಿತು. ಮುಕ್ಕಾಲು ಗಂಟೆ ನಡೆದ ಆ ಸಂಭಾಷಣೆ ತಂದೆಮಕ್ಕಳ ನಡುವೆ ಅಷ್ಟು ದೀರ್ಘವಾಗಿ ನಡೆದ ಮೊದಲನೆಯದೆಂದು ತಾಯಿ ಆಮೇಲೆ ನಮ್ಮಲ್ಲಿ ಹೇಳಿದರು. ಆ ಮಳೆಗಾಲದಲ್ಲಿ ಹಿರಿಯರು ತೀರಿಕೊಂಡರು.

ಎರಡು ವರ್ಷದ ಬಳಿಕ ಪಾಲುಪಟ್ಟಿಯ ಪ್ರಸ್ತಾಪ ಬಂತು. ಕರಡನ್ನು ಓದಿ ಹೇಳಲು ನಮ್ಮನ್ನು ಕರೆದಿದ್ದರು. “ಅವನಿಗೆ ಆಮೇಲೆ ತಿಳಿಸಿದರಾಯಿತು, ಅವನೇನು ಬೇಡವೆನ್ನುತ್ತಾನೆಯೇ?” ಎಂದು ಬಂಧುಗಳೊಬ್ಬರೆಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಹಳೆಯ ಅಭ್ಯಾಸದ ಮಾತು. ಹುಟ್ಟುಕಿವುಡನಿಗೆ ಪಾಲಿಲ್ಲವೆಂದು ನಮ್ಮ ಹಳೆಯ ಧರ್ಮಶಾಸ್ತ್ರಗಳೇ ವಿಧಿಸಿದ್ದುವು. ಆ ಅಡ್ಡಿಯನ್ನು ತೆಗೆದುಹಾಕಲು 1928ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ, ಆಸ್ತಿಯನ್ನು ಹೊಂದಲೂ ಉತ್ತರಾಧಿಕಾರದಿಂದ ಪಡೆಯಲೂ ಅವರಿಗೆ ಇತರರಷ್ಟೇ ಹಕ್ಕಿದೆಯೆಂದು ಬಿಚ್ಚಿ ಹೇಳಿದೆ. ಇದನ್ನು ನಾವು ಸಭೆಗೆ ತಿಳಿಸಿದೆವು. ಅಷ್ಟರಲ್ಲಿ ಮಗಳು ಕರೆಯನ್ನು ಹಚ್ಚಿಯೇಬಿಟ್ಟಿದ್ದಳು. ನಾವು ಒಂದೊಂದು ವಾಕ್ಯ ಓದುವುದು, ಅವಳು ಸನ್ನೆಯಲ್ಲಿ ಹೇಳುವುದು, ಅವನು ತಡೆದು ಕೇಳುವುದು. ಕೆರೆಯ ನೀರಿನ ಸರದಿ ಯಾರದು, ಕೆಳಗಿನ ತೋಟಕ್ಕೆ ಗಾಡಿದಾರಿ ಬರೆದಿದೆಯೇ, ತಾಯಿ ಯಾರ ಜೊತೆಗಿರುತ್ತಾರೆ, ಅವರ ಖರ್ಚಿಗೆ ಏನು ಏರ್ಪಾಡು ಎಂದು ಮುಂತಾಗಿ ಹನ್ನೊಂದು ಪ್ರಶ್ನೆಗಳು. ಗಾಡಿದಾರಿಯನ್ನು ಬರೆದಿರಲಿಲ್ಲ. ಕರಡನ್ನು ಬದಲಿಸಬೇಕಾಯಿತು. ಪಾಲಿನ ವಿಷಯದಲ್ಲಿ ಅಷ್ಟು ಹೊತ್ತು ಮೌನವಾಗಿದ್ದ ತಾಯಿ ಆಗ ಎದ್ದು ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು.

ಆ ದಿನದ ಬಳಿಕ ಅವರು ಕಲಿಯಲು ಹೊರಟರು. ವಯಸ್ಸು ಅರುವತ್ತೆರಡು. ನವದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರದವರು ಚಲಚ್ಚಿತ್ರ ರೂಪದ ನಿಘಂಟನ್ನು ಸಿದ್ಧಪಡಿಸಿದ್ದಾರೆ. 2018ರಲ್ಲಿ ಮೂರು ಸಾವಿರ ಪದಗಳಿಂದ ಆರಂಭವಾಗಿ, 2021ರ ವೇಳೆಗೆ ಅದು ಹತ್ತು ಸಾವಿರ ಪದಗಳಿಗೆ ಬೆಳೆಯಿತು. ಯೂಟ್ಯೂಬಿನಲ್ಲಿ ಅದನ್ನು ಕಾಸಿಲ್ಲದೆ ನೋಡಬಹುದು. 2024ರ ಡಿಸೆಂಬರಿನಿಂದ ಪಿ.ಎಂ. ಇ-ವಿದ್ಯಾದ 31ನೆಯ ವಾಹಿನಿಯೂ ಇದೇ ಭಾಷೆಗೆ ಮೀಸಲಾಗಿದೆ. ಆದರೆ ಆ ತಾಯಿಯ ನಿಜವಾದ ಉಪಾಧ್ಯಾಯ ಮಗನೇ. ದಿನಕ್ಕೆ ಮೂರು ಪದ, ಅಷ್ಟೇ. ಮೊದಲು ಮನೆಯವರ ಹೆಸರುಗಳು. ಕಿವುಡರಲ್ಲಿ ಪ್ರತಿಯೊಬ್ಬರಿಗೂ ಅವರ ಗುರುತನ್ನು ಹಿಡಿದು ಒಂದು ಸನ್ನೆಹೆಸರಿಡುವ ಪದ್ಧತಿಯಿದೆ. ತಾಯಿಯ ಹೆಸರು ಮೂಗುಬೊಟ್ಟು. ಅಣ್ಣನದು ಗಲ್ಲದ ಮೇಲಿನ ಮಚ್ಚೆ. ನಮಗೂ ಒಂದು ಹೆಸರು ದೊರೆತಿದೆ. ಅದು ನಮ್ಮ ಕನ್ನಡಕವಲ್ಲ, ಬೋಳುತಲೆ.

ಇಂಥ ಕರೆಗಳಿಗೆ ಕೆಲವು ಕಟ್ಟುನಿಟ್ಟುಗಳಿವೆ. ಕೇಳುವವರಿಗೆ ಅವು ತಟ್ಟನೆ ಹೊಳೆಯುವುದಿಲ್ಲ. ಭಾರತೀಯ ಸಂಜ್ಞಾಭಾಷೆಯ ಬೆರಳಕ್ಷರಗಳಿಗೆ ಎರಡೂ ಕೈಗಳು ಬೇಕು. ಮೊಬೈಲನ್ನು ಒಂದು ಕೈಯಲ್ಲಿ ಹಿಡಿದುಕೊಂಡವನು ಅರ್ಧ ಬಾಯಿ ಕಟ್ಟಿಕೊಂಡಂತೆಯೇ ಸರಿ. ಆ ತಾಯಿ ಅದನ್ನು ಮೇಜಿನ ಮೇಲೆ ತಂಬಿಗೆಗೆ ಒರಗಿಸಿಟ್ಟು, ನೆತ್ತಿಯಿಂದ ಸೊಂಟದವರೆಗೆ ಕಾಣುವಷ್ಟು ಹಿಂದೆ ಸರಿದು ಕುಳಿತುಕೊಳ್ಳುತ್ತಾರೆ. ಬೆಳಕು ಮುಖದ ಮೇಲಿರಬೇಕು. ಕಿಟಕಿ ಬೆನ್ನ ಹಿಂದಿದ್ದರೆ ಆಚೆಯವರಿಗೆ ಕಾಣುವುದು ಕಪ್ಪು ನೆರಳು. ಕರೆಂಟು ಹೋದರೆ ನಮ್ಮ ಮಾತು ಕತ್ತಲಲ್ಲೂ ಸಾಗುತ್ತದೆ, ಅವರ ಮಾತು ನಿಲ್ಲುತ್ತದೆ. ಚೀಟಿ ಬರೆದು ಹಿಡಿದಾಗ ನಮ್ಮ ಪರದೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕಂಡರೂ ಆಚೆಗೆ ನೇರವಾಗಿಯೇ ಕಾಣಿಸುತ್ತದೆಯೆಂಬುದು ಗೊತ್ತಿಲ್ಲದೆ ಎಷ್ಟೋ ಮಂದಿ ಚೀಟಿಯನ್ನು ತಿರುಗಿಸಿ ಹಿಡಿಯುತ್ತಾರೆ.

ದೊಡ್ಡ ತೊಡಕು ಸಂಪರ್ಕದ್ದು. ಗುಡ್ಡಗಳ ನಡುವೆ ಸಿಗ್ನಲ್ ಕುಂದಿದಾಗ ಈ ವ್ಯವಸ್ಥೆಗಳು ಚಿತ್ರವನ್ನು ಬಿಟ್ಟುಕೊಟ್ಟಾದರೂ ಧ್ವನಿಯನ್ನು ಉಳಿಸಿಕೊಳ್ಳುವಂತೆ ರಚಿತವಾಗಿವೆ. ನಮಗೆ ಅದು ಉಪಕಾರ. ಕಿವುಡರಿಗೆ ಬೇಕಾದ ಚಿತ್ರವನ್ನೇ ಕಿತ್ತುಕೊಂಡು ಬೇಡದ ಧ್ವನಿಯನ್ನು ಕಾಪಾಡಿದಂತೆ. ಅನೇಕರು ಸೇರುವ ಕರೆಗಳಲ್ಲಿಯೂ ಇದೇ ಪಕ್ಷಪಾತ. ಶಬ್ದ ಮಾಡಿದವನ ಮುಖ ತಾನಾಗಿ ದೊಡ್ಡದಾಗುತ್ತದೆ, ಕೈಯಿಂದ ನುಡಿಯುವವನು ಮೂಲೆಯ ಚೌಕದಲ್ಲೇ ಉಳಿಯುತ್ತಾನೆ. ಸಮಾರಂಭಗಳ ದಿನ ಹತ್ತೂ ಮಂದಿ ಒಟ್ಟಿಗೆ ಮಾತನಾಡುವ ನಮ್ಮ ಪದ್ಧತಿಯಂತೂ ಅಲ್ಲಿ ನಡೆಯಲಾರದು. ಕಣ್ಣು ಒಂದು ಸಲಕ್ಕೆ ಒಬ್ಬರನ್ನೇ ನೋಡಬಲ್ಲದು. ಆ ಮನೆಯಲ್ಲಿ ಈಗ ಮಾತನಾಡಬೇಕಾದವರು ಕೈಯೆತ್ತುವ ಕ್ರಮವಿದೆ. ನಮ್ಮ ಐದನೆಯ ತರಗತಿಯಲ್ಲಿಯೂ ಇಷ್ಟು ಶಿಸ್ತಿಲ್ಲ.

ಮಗನ ಹೆಂಡತಿ ಕಣ್ಣೂರಿನವರು, ಅವರೂ ಕಿವುಡರು. ಬೀಗರ ಮನೆಯವರಿಗೆ ಕನ್ನಡ ಬಾರದು, ಈ ತಾಯಿಗೆ ಮಲಯಾಳ ಪೇಟೆಯಲ್ಲಿ ಅಗತ್ಯವಿದ್ದಷ್ಟೇ. ಗಂಡಹೆಂಡಿರ ನಡುವೆ ಮಾತ್ರ ಭಾಷೆಯ ಅಡ್ಡಿ ಬರಲೇ ಇಲ್ಲ. ಈಗ ನಾಲ್ಕು ವರ್ಷದ ಅವರ ಮಗಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಅವಳ ಮೊದಲ ಮಾತು ಕೈಯಿಂದ ಬಂತು: ‘ಹಾಲು’. ದಿನವೂ ಸಂಜೆ ಏಳಕ್ಕೆ ಅಜ್ಜಿಯ ಕರೆ. ಅಜ್ಜಿ ಕಾಗೆ ಗುಬ್ಬಿಯ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾರೆ. ಮಗು ಅದನ್ನು ಕೇಳಿ ಪಕ್ಕದಲ್ಲಿ ಕುಳಿತ ತಾಯಿಗೆ ಸನ್ನೆಯಲ್ಲಿ ಒಪ್ಪಿಸುತ್ತದೆ. ಅಜ್ಜಿಯ ಸನ್ನೆ ತಪ್ಪಿದರೆ ಗದರಿಸಿ ತಿದ್ದುತ್ತದೆ.

ಬರುವ ಜೂನಿಗೆ ಮಗುವನ್ನು ಎಲ್ಲಿ ಶಾಲೆಗೆ ಸೇರಿಸುವುದೆಂಬ ಚರ್ಚೆ ಈಗ ಆ ಕರೆಗಳಲ್ಲಿ ನಡೆದಿದೆ. ಮಾತು ಕೇಳಿಸದ ಮನೆಯಲ್ಲಿ ಬೆಳೆದರೆ ಮಗುವಿನ ನಾಲಿಗೆ ಹಿಂದುಳಿದೀತು, ಊರಿಗೆ ತಂದು ತಾವೇ ಸಾಕುತ್ತೇವೆ ಎಂಬುದು ದೊಡ್ಡಪ್ಪ ದೊಡ್ಡಮ್ಮಂದಿರ ಅಭಿಪ್ರಾಯ. ಪ್ರೀತಿಯಿಂದ ಹೇಳುತ್ತಾರೆ, ಸಂದೇಹವಿಲ್ಲ. ಸೊಸೆ ಮೂರು ದಿನ ಕರೆಗೆ ಬರಲಿಲ್ಲ. ನಮ್ಮನ್ನು ಕೇಳಿದರು. ಮಗು ತಂದೆತಾಯಿಗಳ ಬಳಿಯಲ್ಲೇ ಇರತಕ್ಕದ್ದು ಎಂದೆವು. ಕೇಳುವ ಮಗುವಿಗೆ ಸುತ್ತಲಿನ ನೆರೆಯಿಂದ, ಬಾಲವಾಡಿಯಿಂದ, ದಿನದ ಅರ್ಧ ಗಂಟೆಯ ಅಜ್ಜಿಯ ಕಥೆಯಿಂದ ಮಾತು ತಾನಾಗಿ ಒದಗುತ್ತದೆ. ಕೈಮಾತು ಬಲ್ಲ ಮಗುವಿಗೆ ಅದರಿಂದ ಬಾಯಿಮಾತಿಗೆ ಕೊರತೆಯಾಗುವುದಿಲ್ಲ. ತಂದೆತಾಯಿಗಳ ಭಾಷೆಯಿಂದ ಅದನ್ನು ಅಗಲಿಸಿದರೆ, ಅವರು ತಮ್ಮ ಮಗಳೊಡನೆಯೂ ಐದು ಸನ್ನೆಗಳಲ್ಲಿ ಬದುಕಬೇಕಾದೀತು ಎಂದೂ ಹೇಳಿದೆವು. ಅಣ್ಣನಿಗೆ ಪೂರ್ತಿ ಒಪ್ಪಿಗೆಯಾದಂತೆ ತೋರಲಿಲ್ಲ. ತಾಯಿ ಏನೂ ಹೇಳದೆ, ಗಂಟೆ ಏಳಾಯಿತೆಂದು ತಂಬಿಗೆಯನ್ನು ಮೇಜಿನ ಮೇಲಿಟ್ಟು ಮೊಬೈಲನ್ನು ಒರಗಿಸಿದರು. ಅಂದು ಸೊಸೆ ಬಂದಳು.